ಬಕೆಟ್ಟು, ಬೋಗುಣಿ ಮತ್ತು ಅಬಕಾರಿ ಕಾಯ್ದೆ

ನಮ್ಮ ಟೀಮಿನಲ್ಲಿ ವರ್ಷಕ್ಕೊಂದು ಹುಚ್ಚು ಶುರುವಾಗತ್ತೆ. ಮೊದಲು ದೊಡ್ಡ ಕ್ಯಾಮೆರಾ, ಆಮೇಲೆ ಹಾಫ್ ಮ್ಯಾರಥಾನು, ಆಮೇಲೆ ಮನೇಲೇ ಬ್ರೆಡ್ಡು ಸುಡೋದು. ಈಗ ಮನೇಲೇ ಬಿಯರ್ ಮಾಡೋದು! ಮಧ್ಯಾಹ್ನ ಊಟದ ಟೇಬಲ್ಲಿನಲ್ಲಿ ದಿನಾ ಇದೇ ಚರ್ಚೆ. ಯಾವ ಪಾತ್ರೆ ತಗೋಬೇಕು, ಎಷ್ಟು ಲೀಟರಿಂದು, ಯೀಸ್ಟ್ ಎಲ್ಲಿ ಸಿಗತ್ತೆ ಅಂತ. ಮಾತಿನ ಮಧ್ಯೆ ಒಬ್ಬ ನನ್ನ ಕಡೆ ತಿರುಗಿ, "ಲೇ, ನಿಮ್ಮೂರಲ್ಲಿ ದೊಡ್ಡ ಮನೆ ಇದೆ, ಜೋಳ ಇದೆ, ಕಬ್ಬು ಇದೆ. ಬೆಂಗಳೂರಿನ ಈ ಎರಡು ರೂಮಿನ ಫ್ಲಾಟಲ್ಲಿ ಒದ್ದಾಡೋ ಬದಲು ಅಲ್ಲೇ ಮಾಡಬಹುದಲ್ಲ?" ಅಂದ.

ನಮ್ಮೂರು ಅಂದ್ರೆ ಕಲಬುರಗಿ ಜಿಲ್ಲೆಯ ಆಳಂದ. ನೆಂಟರಿಷ್ಟರೆಲ್ಲ ಅಫಜಲಪುರ, ಜೇವರ್ಗಿ ಕಡೆ ಹರಡಿದ್ದಾರೆ. ಅವನು ತಮಾಷೆಗೆ ಕೇಳಿದ್ದು. ಆದ್ರೆ ಇಂಜಿನಿಯರ್ ತಲೆ ನೋಡಿ, ಪ್ರಶ್ನೆ ಬಿದ್ದ ಮೇಲೆ ಲೆಕ್ಕ ಹಾಕದೆ ಇರೋಕಾಗಲ್ಲ :) ನಿಜವಾಗಿಯೂ ಈ ಮೂರು ತಾಲ್ಲೂಕಿನಲ್ಲಿ ಯಾರಾದ್ರೂ ಮನೇಲಿ ಬಿಯರ್ ಮಾಡೋಕೆ ಹೊರಟರೆ ಏನೇನು ಸಾಮಾನು ಬೇಕು? ಪಟ್ಟಿ ಮಾಡ್ತಾ ಹೋದ ಹಾಗೆ ಅದು ಪಾತ್ರೆಗಳ ಪಟ್ಟಿಯಾಗಿ ಉಳಿಯಲಿಲ್ಲ. ಕಾನೂನು, ನೀರು, ನಮ್ಮವ್ವ ಎಲ್ಲರೂ ಒಳಗೆ ಬಂದುಬಿಟ್ರು. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡ್ತೀನಿ. ಇದು ರೆಸಿಪಿ ಅಲ್ಲ. ನಾನು ಮನೇಲಿ ಬಿಯರ್ ಮಾಡಿಲ್ಲ, ಈಗಿರೋ ಕಾನೂನಿನಲ್ಲಿ ಮಾಡೋದೂ ಇಲ್ಲ, ನೀವೂ ಮಾಡಿ ಅಂತ ಹೇಳ್ತಿಲ್ಲ. ಕಾರಣ ಮುಂದೆ ಬರತ್ತೆ.

ಪಟ್ಟಿ ಹೀಗಿದೆ. ಸಾಮಾನ್ಯವಾಗಿ ಜನ ಒಂದು ಸಲಕ್ಕೆ ಸುಮಾರು 20 ಲೀಟರ್ ಮಾಡ್ತಾರೆ. ಅದಕ್ಕೆ 25-30 ಲೀಟರ್ ಹಿಡಿಯೋ ಒಂದು ದೊಡ್ಡ ಸ್ಟೀಲ್ ಪಾತ್ರೆ. ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಆ ರಸವನ್ನು ಒಂದು ಗಂಟೆ ಕುದಿಸೋಕೆ ಇದು ಬೇಕು. ಸೋಸೋಕೆ ಬಟ್ಟೆ ಅಥವಾ ಜಾಳಿಗೆ. ಹುಳಿ ಬರಿಸೋಕೆ, ಅಂದ್ರೆ ಯೀಸ್ಟ್ ಹಾಕಿ ಇಡೋಕೆ, ಮುಚ್ಚಳ ಇರೋ ಒಂದು ಬಕೆಟ್ಟು (ಆಹಾರ ಇಡೋಕೆ ಯೋಗ್ಯವಾದ ಪ್ಲಾಸ್ಟಿಕ್ ಆಗಿರಬೇಕು). ಮುಚ್ಚಳದಲ್ಲಿ ಒಂದು ತೂತು, ಅದರಲ್ಲಿ ಏರ್‌ಲಾಕ್. ಏರ್‌ಲಾಕ್ ಅಂದ್ರೆ ಭಾರೀ ಯಂತ್ರ ಏನಲ್ಲ, ಸ್ವಲ್ಪ ನೀರು ತುಂಬಿದ ಬಾಗಿದ ಕೊಳವೆ. ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಹೋಗತ್ತೆ, ಹೊರಗಿನದು ಒಳಗೆ ಬರಲ್ಲ. ಒಂದು ಥರ್ಮಾಮೀಟರ್. ಒಂದು ಹೈಡ್ರೋಮೀಟರ್, ರಸದಲ್ಲಿ ಎಷ್ಟು ಸಕ್ಕರೆ ಇದೆ ಅಂತ ನೋಡೋಕೆ. ಹಾಲಿಗೆ ನೀರು ಹಾಕಿದಾರಾ ಅಂತ ನೋಡೋಕೆ ಡೇರಿಯವರು ಅದ್ದುತ್ತಾರಲ್ಲ, ಅದರ ಅಣ್ಣತಮ್ಮ. ಶುರುವಿನಲ್ಲಿ 1.050 ತೋರಿಸಿ ಕೊನೆಗೆ 1.010ಕ್ಕೆ ಇಳಿದ್ರೆ ಸುಮಾರು ಶೇ. 5 ಆಲ್ಕೋಹಾಲ್ ಆಗಿದೆ ಅಂತ ಲೆಕ್ಕ. ಬಕೆಟ್ಟಿಂದ ಬಾಟಲಿಗೆ ಇಳಿಸೋಕೆ ಒಂದು ಪೈಪು. ಬಾಟಲಿಗಳು, ಬಿರಡೆ, ಬಿರಡೆ ಒತ್ತೋ ಸಲಕರಣೆ. ಕೊನೆಯದಾಗಿ, ಇದನ್ನೆಲ್ಲ ತೊಳೆದು ಸೂಕ್ಷ್ಮಜೀವಿ ಸಾಯಿಸೋ ದ್ರಾವಣ.

ಇಷ್ಟೇ! ನಮ್ಮ ಕಡೆ ಯಾವ ಮನೆಯಲ್ಲಾದರೂ ಅಡುಗೆಮನೆಗೆ ಹೋಗಿ ನೋಡಿ, ಇದರಲ್ಲಿ ಮುಕ್ಕಾಲು ಸಾಮಾನು ಆಗಲೇ ಇದೆ. ಮದುವೆ ಮುಂಜಿಗೆ ಅನ್ನ ಬಸಿಯೋ ದೊಡ್ಡ ಬೋಗುಣಿ ಅಟ್ಟದ ಮೇಲೆ ಇರತ್ತೆ. ಸೋಸೋಕೆ ಹಳೇ ಧೋತರ ಇದೆ. ಬಕೆಟ್ಟಿಗೆ ಬರವಿಲ್ಲ. ಹೊಸದಾಗಿ ಕೊಳ್ಳಬೇಕಾಗಿರೋದು ಹೈಡ್ರೋಮೀಟರ್, ಏರ್‌ಲಾಕ್ ಮತ್ತು ಬಿರಡೆ ಒತ್ತೋದು ಮಾತ್ರ.

ಸಾಮಾನು ಮಾತ್ರ ಅಲ್ಲ, ಕೈಚಳಕವೂ ಇದೆ. ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆ) ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲೋ ಹಬ್ಬ ಗೊತ್ತಲ್ಲ. ಅವತ್ತು ಭಜ್ಜಿ, ಸಜ್ಜಿ ರೊಟ್ಟಿ ಜೊತೆಗೆ ಅಂಬಲಿ ಇಲ್ಲದಿದ್ರೆ ಹಬ್ಬವೇ ಅಲ್ಲ. ಜೋಳವನ್ನು ಬೇಯಿಸಿ, ಮಜ್ಜಿಗೆ ಕೂಡಿಸಿ, ಗಡಗಿಯಲ್ಲಿ ಹುಳಿಯಾಗೋಕೆ ಇಡ್ತಾರೆ. ಎಷ್ಟು ಹೊತ್ತು ಇಡಬೇಕು, ಯಾವಾಗ ಸರಿಯಾದ ಹುಳಿ ಬಂತು, ಯಾವಾಗ ಕೆಟ್ಟಿತು ಅನ್ನೋದು ನಮ್ಮ ಆಯಿಗೆ ಮೂಗಿನಲ್ಲೇ ಗೊತ್ತಾಗತ್ತೆ. ಹೈಡ್ರೋಮೀಟರೂ ಬೇಡ, ಥರ್ಮಾಮೀಟರೂ ಬೇಡ. ಅಂಬಲಿಯಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಮೊಸರಿನ ಬ್ಯಾಕ್ಟೀರಿಯಾ, ಬಿಯರಿನಲ್ಲಿ ಯೀಸ್ಟು. ಅಷ್ಟೇ ವ್ಯತ್ಯಾಸ. ಧಾನ್ಯ ಬೇಯಿಸು, ಆರಿಸು, ಹೆಪ್ಪು ಹಾಕು, ಕಾಯಿ ಅನ್ನೋ ನಾಲ್ಕು ಮೆಟ್ಟಿಲು ಎರಡಕ್ಕೂ ಒಂದೇ.

ಹಾಗಾದ್ರೆ ಜೋಳದ್ದೇ ಬಿಯರ್ ಮಾಡಬಹುದಾ? ಇದನ್ನೂ ನಮ್ಮ ಟೀಮಿನವನೇ ಕೇಳಿದ್ದು. ಆಗತ್ತೆ. ಆಫ್ರಿಕಾದಲ್ಲಿ ಶತಮಾನಗಳಿಂದ ಮನೆಮನೆಯಲ್ಲಿ ಮಾಡ್ತಾ ಬಂದಿದ್ದಾರೆ. ನೈಜೀರಿಯಾ ಸರ್ಕಾರ 1988ರಲ್ಲಿ ಬಾರ್ಲಿ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ತಿರುಗಿದವು. ಆದರೆ ಬಾರ್ಲಿಯಷ್ಟು ಸುಲಭ ಅಲ್ಲ. ಮೊಳಕೆ ಬಂದ ಬಾರ್ಲಿಯಲ್ಲಿ ಹಿಟ್ಟನ್ನು ಸಕ್ಕರೆ ಮಾಡೋ ಕಿಣ್ವ ಧಾರಾಳ, ಜೋಳದಲ್ಲಿ ಕಡಿಮೆ. ಬಾರ್ಲಿಯ ಪಿಷ್ಟ ಸುಮಾರು 60 ಡಿಗ್ರಿಗೆ ಕರಗಿ ಅಂಟಾದ್ರೆ ಜೋಳದ್ದಕ್ಕೆ 70ರ ಆಸುಪಾಸು ಬೇಕು. ಅಷ್ಟು ಬಿಸಿಗೆ ಕಿಣ್ವಗಳೇ ಸಾಯೋಕೆ ಶುರುವಾಗತ್ತೆ. ಅದಕ್ಕೇ ಎರಡು ಹಂತದಲ್ಲಿ ಬೇರೆ ಬೇರೆ ಮಾಡ್ತಾರೆ.

ಇನ್ನೊಂದು ಮುಖ್ಯ ವಿಷಯ ಇದೆ. ಜೇವರ್ಗಿ ಕಡೆ ಯಾವ ರೈತನನ್ನಾದರೂ ಕೇಳಿ, ಎಳೇ ಜೋಳದ ಪೈರಿಗೆ ದನ ಬಿಡಬಾರದು ಅಂತಾನೆ. ಅದರಲ್ಲೂ ಮಳೆ ಇಲ್ಲದೆ ಬಾಡಿದ ಪೈರಿಗಂತೂ ಬಿಡಲೇಬಾರದು. ಅದನ್ನು ತಿಂದು ದನ ಸತ್ತಿರೋದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಎಳೇ ಜೋಳದಲ್ಲಿ ಧುರಿನ್ ಅನ್ನೋ ವಸ್ತು ಇರತ್ತೆ, ಅದರಿಂದ ಸಯನೈಡ್ ಹುಟ್ಟತ್ತೆ. ಜೋಳ ಮೊಳಕೆ ಒಡೆದಾಗಲೂ ಇದು ಮೊಳಕೆಯಲ್ಲಿ ತುಂಬಿಕೊಳ್ಳತ್ತೆ. ಅದಕ್ಕೇ ಜೋಳದ ಮಾಲ್ಟ್ ಮಾಡೋರು ಒಣಗಿಸಿ, ಮೊಳಕೆ ಬೇರು ಎರಡನ್ನೂ ಉಜ್ಜಿ ತೆಗೆದುಹಾಕ್ತಾರೆ. ರಾಗಿ ಮಾಲ್ಟ್ ಮಾಡಿದ ಹಾಗೆ ಮೊಳಕೆ ಸಮೇತ ಬೀಸಿಬಿಡೋ ಹಾಗಿಲ್ಲ. ಯಾವುದೋ ವಿಡಿಯೋ ನೋಡಿ ಮಾಲದಂಡಿ ಜೋಳ ನೆನೆಹಾಕೋಕೆ ಹೊರಟವರು ಇದನ್ನು ಮೊದಲು ತಿಳ್ಕೊಳ್ಳಿ. ಸಾಮಾನಿನ ಪಟ್ಟಿಯಲ್ಲಿ ಇಂಥದ್ದು ಬರಲ್ಲ.

ಪಟ್ಟಿಯಲ್ಲಿ ಬರದೇ ಇರೋದು ಇನ್ನೂ ಎರಡಿವೆ. ನಮ್ಮ ಕಡೆಗೆ ಅವೇ ನಿಜವಾದ ಸಲಕರಣೆ.

ಮೊದಲನೆಯದು ತಂಪು. ಸಾಧಾರಣ ಬಿಯರ್ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು. ಎರಡು ವಾರ ಹಾಗೇ ಇರಬೇಕು. ಕಲಬುರಗಿ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದ್ರೆ ನಮಗೆ ಸುದ್ದಿಯೇ ಅಲ್ಲ. ಆ ಬಿಸಿಗೆ ಯೀಸ್ಟು ಹುಚ್ಚೆದ್ದು ಕೆಲಸ ಮಾಡಿ, ಬಣ್ಣದ ಎಣ್ಣೆಯ ವಾಸನೆ ಬರೋ, ಮರುದಿನ ತಲೆ ಸಿಡಿಯೋ ಪದಾರ್ಥ ಮಾಡಿಡತ್ತೆ. ಒಂದು ಫ್ರಿಜ್ಜನ್ನು ಪೂರ್ತಿ ಇದಕ್ಕೇ ಬಿಡಬೇಕು, ಕರೆಂಟು ಹೋಗಬಾರದು. (ಇದನ್ನು ಓದಿ ನಮ್ಮೂರಿನವರು ನಗ್ತಿರಬಹುದು.) ಬಕೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆ ಗೋಣಿಚೀಲ ಸುತ್ತಿದ್ರೆ, ನಮ್ಮದು ಒಣ ಹವೆ ಆದ್ದರಿಂದ, 25ರ ಹತ್ತಿರಕ್ಕೆ ಇಳಿಸಬಹುದು. ಗಡಗಿಯ ನೀರು ತಂಪಾಗೋ ಲೆಕ್ಕವೇ ಇದು. ನಾರ್ವೆ ದೇಶದ ಪಶ್ಚಿಮ ಭಾಗದ ರೈತರ ಮನೆಗಳಲ್ಲಿ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಕ್ವೈಕ್ ಅನ್ನೋ ಯೀಸ್ಟು 35-40 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡತ್ತಂತೆ. ಹಿಮದ ನಾಡಿನ ಯೀಸ್ಟು ಕಲಬುರಗಿ ಬಿಸಿಲಿಗೆ ಸರಿಹೋಗೋದು, ಎಂಥ ವಿಚಿತ್ರ ನೋಡಿ!

ಎರಡನೆಯದು ನೀರು. 20 ಲೀಟರ್ ಬಿಯರಿಗೆ 20 ಲೀಟರ್ ನೀರು ಸಾಕು ಅಂದುಕೊಂಡ್ರೆ ಲೆಕ್ಕ ತಪ್ಪಿತು. ಕುದಿಸಿದ ರಸವನ್ನು ಬೇಗ ಆರಿಸೋಕೆ ನೀರು, ಪಾತ್ರೆ ಬಕೆಟ್ಟು ಪೈಪು ಬಾಟಲಿ ಒಂದೊಂದನ್ನೂ ಮೊದಲು ತೊಳೆಯೋಕೆ, ಆಮೇಲೆ ತೊಳೆಯೋಕೆ ನೀರು. ಮಾಡಿದ ಬಿಯರಿನ ಐದಾರು ಪಟ್ಟು ಸುಲಭವಾಗಿ ಹೋಗತ್ತೆ. ಪಕ್ಕದಲ್ಲಿ ಭೀಮಾ ನದಿ ಹರಿದರೂ ಬೇಸಿಗೆಯಲ್ಲಿ ಕೊಡ ಹಿಡ್ಕೊಂಡು ಟ್ಯಾಂಕರ್ ಕಾಯೋ ಊರುಗಳು ನಮ್ಮ ಈ ತಾಲ್ಲೂಕುಗಳಲ್ಲಿವೆ. ಆ ಕೊಡ ಹೊರೋರು ಯಾರು ಅಂತ ಹೇಳಬೇಕಾಗಿಲ್ಲ. ಈ ಮಾತಿಗೆ ಮತ್ತೆ ಬರ್ತೀನಿ.

ಈಗ ಕಾನೂನು. ಸಾಮಾನು ಎಲ್ಲ ಕೂಡಿಸಿದಿರಿ, ತಂಪು ಮಾಡಿದಿರಿ, ನೀರು ತಂದಿರಿ ಅಂತಿಟ್ಕೊಳ್ಳಿ. ಇನ್ನೂ ಒಂದು ಕಾಳು ನೆನೆಹಾಕಿಲ್ಲ. ಅಷ್ಟರಲ್ಲೇ ನೀವು ಅಪರಾಧಿ!

ಉತ್ಪ್ರೇಕ್ಷೆ ಅಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 13ನೇ ಸೆಕ್ಷನ್ ಲೈಸೆನ್ಸ್ ಇಲ್ಲದೆ ಯಾವುದೇ ಮಾದಕ ಪದಾರ್ಥ ತಯಾರಿಸಬಾರದು ಅನ್ನತ್ತೆ. ಅಲ್ಲಿಗೇ ನಿಲ್ಲಲ್ಲ. ಸೇಂದಿ ಬಿಟ್ಟು ಬೇರೆ ಮಾದಕ ಪದಾರ್ಥ ತಯಾರಿಸೋ ಉದ್ದೇಶಕ್ಕಾಗಿ ಪಾತ್ರೆ, ಸಲಕರಣೆ, ಸಾಮಗ್ರಿ ಏನನ್ನೂ ಇಟ್ಕೊಳ್ಳಬಾರದು ಅಂತಲೂ ಹೇಳತ್ತೆ. ಅಂದ್ರೆ ಅದೇ ಬೋಗುಣಿ, ಅದೇ ಬಕೆಟ್ಟು. ಅನ್ನಕ್ಕೆ ಇಟ್ಟರೆ ಪಾತ್ರೆ, ಬಿಯರಿಗೆ ಇಟ್ಟರೆ ಅಪರಾಧದ ವಸ್ತು. ಜೈಲು, ದಂಡ ಎರಡೂ ಇದೆ. ಬಿಯರ್ ಅಂದ್ರೇನು ಅನ್ನೋ ವ್ಯಾಖ್ಯಾನವೂ ಅಗಲವಾಗಿದೆ, ಮಾಲ್ಟಿನಿಂದ ಹುಳಿಸಿ ಮಾಡಿದ್ದೆಲ್ಲ ಅದರೊಳಗೆ ಬರತ್ತೆ. ಮನೆ ಬಳಕೆಗೆ ಇಷ್ಟು ಲೀಟರ್ ಪರವಾಗಿಲ್ಲ ಅನ್ನೋ ವಿನಾಯಿತಿ ಬಿಯರಿಗಿಲ್ಲ.

ಈ ಕಾಯ್ದೆ ಬಂದಿದ್ದು ಮೈಸೂರು ಅಬಕಾರಿ ಕಾಯ್ದೆ ಅನ್ನೋ ಹೆಸರಲ್ಲಿ. 1956ರಲ್ಲಿ ಏಕೀಕರಣ ಆದಾಗ ಬೇರೆಬೇರೆ ಭಾಗಗಳಿಗೆ ಬೇರೆಬೇರೆ ಅಬಕಾರಿ ಕಾನೂನು ಇತ್ತು. ನಮ್ಮ ಭಾಗ ಅಲ್ಲಿವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದಿದ್ದರಿಂದ ನಮಗೆ ನಿಜಾಮರ ಕಾಲದ, ಫಸಲಿ 1316ರ ಹೈದರಾಬಾದ್ ಅಬಕಾರಿ ಕಾನೂನು. ಎಲ್ಲವನ್ನೂ ಸೇರಿಸಿ ಒಂದು ಮಾಡಿದ್ರು. ನಿಜಾಮರದ್ದಾಗಲಿ ಬ್ರಿಟಿಷರದ್ದಾಗಲಿ, ಹಳೇ ಅಬಕಾರಿ ಕಾನೂನುಗಳ ತಲೆಯಲ್ಲಿದ್ದಿದ್ದು ಮುಖ್ಯವಾಗಿ ವರಮಾನ. ಜನ ತಾವೇ ಮಾಡ್ಕೊಂಡ್ರೆ ಗುತ್ತಿಗೆದಾರನಿಗೆ ನಷ್ಟ, ಖಜಾನೆಗೆ ನಷ್ಟ. ಆ ಯೋಚನೆಯೇ ಇವತ್ತಿನ ಸೆಕ್ಷನ್ನಿನಲ್ಲೂ ಕೂತಿದೆ ಅಂತ ನನಗನಿಸತ್ತೆ.

"ಅಲ್ಲಪ್ಪಾ, ಕಳ್ಳಭಟ್ಟಿ ಕುಡಿದು ಜನ ಸಾಯ್ತಾರಲ್ಲ, ಕಾನೂನು ಬೇಡವಾ?" ಅಂತ ಕೇಳಬಹುದು. ಖಂಡಿತ ಬೇಕು. 1981ರ ಜುಲೈನಲ್ಲಿ ಬೆಂಗಳೂರಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ತಮಿಳುನಾಡಿನ ಗಡಿ ಸೇರಿ 150ಕ್ಕೂ ಹೆಚ್ಚು ಜನ. ಸತ್ತವರು ಕೂಲಿಯವರು, ಬಡವರು. ಆದ್ರೆ ಅವರನ್ನು ಕೊಂದಿದ್ದು ಮಿಥೆನಾಲ್. ಅದು ಕಾರ್ಖಾನೆಗಳಲ್ಲಿ ಬಳಸೋ ರಾಸಾಯನಿಕ, ದುಡ್ಡಿನಾಸೆಗೆ ಸಾರಾಯಿಗೆ ಬೆರೆಸಿದ್ದು. ಧಾನ್ಯ ಹುಳಿಸಿ ಬಕೆಟ್ಟಲ್ಲಿ ಮಾಡಿದ ಬಿಯರಿನಲ್ಲಿ ಮಿಥೆನಾಲ್ ಲೆಕ್ಕಕ್ಕೇ ಬರಲ್ಲ.

ಹುಳಿ ಬರಿಸೋದು ಬೇರೆ, ಭಟ್ಟಿ ಇಳಿಸೋದು ಬೇರೆ. ಹುಳಿ ಬರಿಸಿದ್ರೆ ಶೇ. 5ರ ಹತ್ತಿರ ನಿಲ್ಲತ್ತೆ, ಹೆಚ್ಚು ಕೆಟ್ಟರೆ ಹುಳಿ ಹಿಡಿದು ಬಾಯಿಗೆ ಇಡೋಕಾಗಲ್ಲ. ಸಕ್ಕರೆ ಜಾಸ್ತಿ ಹಾಕಿ ಬಿರಡೆ ಒತ್ತಿದ್ರೆ ಬಾಟಲಿ ಸಿಡಿದು ಗಾಜು ಚುಚ್ಚತ್ತೆ, ಅದು ನಿಜವಾದ ಅಪಾಯವೇ. ಆದ್ರೆ ಊರಿಗೆ ಊರೇ ಸಾಯಲ್ಲ. ಭಟ್ಟಿ ಇಳಿಸಿದ್ರೆ ಬೆಂಕಿಯ ಅಪಾಯ, ಕಡು ಮದ್ಯ, ಕಲಬೆರಕೆ, ಮಾರಾಟ ಎಲ್ಲ ಶುರು. ಕಾನೂನಿನ ಕಣ್ಣಿಗೆ ಇವೆರಡೂ ಒಂದೇ ಸೆಕ್ಷನ್ನು! ಸಾಫ್ಟ್‌ವೇರಿನಲ್ಲಿ ಹೀಗೆ ಬರೆದ್ರೆ ರಿವ್ಯೂನಲ್ಲೇ ವಾಪಸ್ ಕಳಿಸ್ತಾರೆ. ಎರಡು ಬೇರೆ ಕೇಸನ್ನು ಒಂದೇ ಇಫ್ ಒಳಗೆ ತುರುಕಬಾರದು ಅಂತ.

ವಾಸ್ತವದಲ್ಲಿ ಎಲ್ಲರ ಮೇಲೂ ಈ ಸೆಕ್ಷನ್ ಒಂದೇ ಥರ ಬೀಳತ್ತಾ ಅಂದ್ರೆ, ಅದೂ ಇಲ್ಲ. ಡಿಸೆಂಬರ್ ಬಂದ್ರೆ ಎಷ್ಟು ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ದ್ರಾಕ್ಷಿ ವೈನ್ ಮಾಡ್ತಾರೆ, ಕೊಡಗಿಗೆ ಹೋದವರು ಮನೆ ವೈನಿನ ಬಾಟಲಿ ತರದೆ ವಾಪಸ್ ಬರ್ತಾರಾ? ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕೆಡಿಸಿಕೊಳ್ಳಲೂಬಾರದು. (ಪಕ್ಕದ ಕೇರಳದಲ್ಲಿ 2019ರ ಕ್ರಿಸ್‌ಮಸ್ಸಿಗೆ ಮುಂಚೆ ಅಬಕಾರಿ ಇಲಾಖೆ ಮನೆ ವೈನ್ ಬಗ್ಗೆ ಎಚ್ಚರಿಕೆ ಕೊಟ್ಟು ದೊಡ್ಡ ಗಲಾಟೆಯಾಗಿತ್ತು.) ಬೆಂಗಳೂರಲ್ಲಿ 2011ರಿಂದ ಮೈಕ್ರೋಬ್ರೂವರಿಗಳು ಬಂದವು. ವಿಠ್ಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ಬಿಂದ ಶುರುವಾಗಿ ಇವತ್ತು ಗಲ್ಲಿಗೊಂದು. ಗಾಜಿನ ಆಚೆ ಹೊಳೆಯೋ ತಾಮ್ರದ ಬಣ್ಣದ ಹಂಡೆಗಳು. ಲೈಸೆನ್ಸ್ ತಗೊಂಡಿದ್ದಾರೆ, ಸರಿ. ಅಫಜಲಪುರ ತಾಲ್ಲೂಕಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ಕಾಕಂಬಿಯನ್ನು ಹುಳಿಸಿ ಭಟ್ಟಿ ಇಳಿಸಿದ್ರೆ ಎಥನಾಲ್. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸೋ ಮಟ್ಟ ಮುಟ್ಟಿದ್ದೇವೆ ಅಂತ ಸರ್ಕಾರವೇ ಹೆಮ್ಮೆಯಿಂದ ಹೇಳಿಕೊಂಡಿತು. ನಮ್ಮ ಹೊಲದ ಕಬ್ಬು ಹುಳಿತು ಕಾರು ಕುಡಿದ್ರೆ ದೇಶಪ್ರೇಮ. ಹೊಲದ ಒಡೆಯ ಒಂದು ಬಕೆಟ್ ಇಟ್ಟರೆ ಕೇಸು :)

ಹಾಗಾದ್ರೆ ನಾನು ಹೇಳೋದು, ಎಲ್ಲ ಬಿಟ್ಟುಬಿಡಿ ಅಂತಲಾ? ಅಷ್ಟು ಸಲೀಸಲ್ಲ. ಇಲ್ಲೇ ನಮ್ಮವ್ವ ಬರ್ತಾಳೆ.

ಇದನ್ನೆಲ್ಲ ಫೋನಿನಲ್ಲಿ ಅವ್ವನಿಗೆ ಹೇಳ್ತಿದ್ದೆ, ಹೀಗೊಂದು ಬರೀತೀನಿ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೋ, ಇದ್ದ ಸೆರಿ ಸಾಲವಲ್ದೇನು, ಮನ್ಯಾಗ ಬ್ಯಾರೆ ಮಾಡ್ಬೇಕೇನು?" ಅಂದಳು. ನಾನು ಅದು ಸೆರಿ ಅಲ್ಲವ್ವಾ, ಬಿಯರು, ಕಡಿಮೆ ಇರತ್ತೆ, ಮಾರೋದಿಲ್ಲ, ಅಂತೆಲ್ಲ ಹೇಳಿದೆ. "ಆತು. ಮತ್ತ ಆ ಬೋಗುಣಿ ಯಾರ್ ತಿಕ್ಕತಾರ? ನೀರ್ ಯಾರ್ ತರ್ತಾರ?" ಅಂದಳು.

ಉತ್ತರ ಹೊಳೀಲಿಲ್ಲ. ಮನೇಲಿ ಬಿಯರ್ ಮಾಡೋರೆಲ್ಲ ಹೇಳೋ ಮಾತೊಂದಿದೆ, ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯೋದೇ ಅಂತ. ಬೆಂಗಳೂರಿನ ಫ್ಲಾಟಲ್ಲಿ ನಲ್ಲಿ ತಿರುಗಿಸಿದ್ರೆ ನೀರು, ತೊಳೆಯೋದೂ ಹವ್ಯಾಸದ ಭಾಗವೇ. ನಮ್ಮೂರಿನಲ್ಲಿ ಗಂಡಸಿನ ಹವ್ಯಾಸಕ್ಕೆ ಪಾತ್ರೆ ತಿಕ್ಕೋರು ಹೆಂಗಸರೇ. ಆ ಲೆಕ್ಕದಲ್ಲಿ ಮನೆ ಬಿಯರಿನ ಮೊದಲ ಸಲಕರಣೆ ಹೈಡ್ರೋಮೀಟರ್ ಅಲ್ಲ, ತನ್ನ ಪಾತ್ರೆ ತಾನೇ ತೊಳೆಯೋ ಗಂಡಸು. ಅದು ಯಾವ ಅಂಗಡಿಯಲ್ಲೂ ಸಿಗಲ್ಲ.

ಅವ್ವನ ಮೊದಲ ಪ್ರಶ್ನೆ ಇನ್ನೂ ಭಾರದ್ದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯೋದು ನಿಲ್ಲಲಿಲ್ಲ. ಪೊಟ್ಟಣ ಹೋಗಿ ಕಡಿಮೆ ಬೆಲೆಯ ವಿಸ್ಕಿಯ ಸಣ್ಣ ಪ್ಯಾಕೆಟ್ ಬಂತು, ಲೈಸೆನ್ಸ್ ಅಂಗಡಿ ಇಲ್ಲದ ಹಳ್ಳಿಯಲ್ಲೂ ಯಾವುದಾದರೂ ಡಬ್ಬಾ ಅಂಗಡಿಯಲ್ಲಿ ಕದ್ದು ಸಿಗೋ ಹಾಗಾಯ್ತು. 2019ರ ಜನವರಿಯಲ್ಲಿ ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದ್ರು. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು, ಸುಮಾರು 200 ಕಿಲೋಮೀಟರ್. ಅವರ ಮುಂದೆ ನಿಂತು, ನನಗೆ ವೀಕೆಂಡಿಗೆ ಬಿಯರ್ ಮಾಡೋಕೆ ಸ್ವಾತಂತ್ರ್ಯ ಕೊಡಿ ಅಂತ ಕೇಳೋಕೆ ನನಗೆ ಬಾಯಿ ಬರಲ್ಲ.

ಆದ್ರೂ ಯೋಚನೆ ಮಾಡಿದ್ರೆ ಇವೆರಡೂ ಎದುರುಬದುರು ಅಲ್ಲ ಅನಿಸತ್ತೆ. ಆ ಹೆಣ್ಣುಮಕ್ಕಳ ಜಗಳ ಮಾರಾಟದ ಜೊತೆ. ಕೂಲಿ ದುಡ್ಡು ಸಂಜೆ ಮನೆ ಮುಟ್ಟೋ ಮುಂಚೆ ಡಬ್ಬಾ ಅಂಗಡಿಗೆ ಹೋಗೋದರ ಜೊತೆ. ಮನೆ ಹಾಳು ಮಾಡಿದ್ದು ಕೈಗೆ ತಕ್ಷಣ ಸಿಗೋ, ತಕ್ಷಣ ಏರೋ ಕಡು ಮದ್ಯ. ನಾಲ್ಕೈದು ಕೆಜಿ ಮಾಲ್ಟ್ ತಂದು, ಒಂದು ದಿನ ಪೂರ್ತಿ ಒಲೆ ಮುಂದೆ ನಿಂತು, ಎರಡು ವಾರ ಬಕೆಟ್ಟಲ್ಲಿ, ಇನ್ನೆರಡು ವಾರ ಬಾಟಲಿಯಲ್ಲಿ ಕಾಯೋ ಬಿಯರ್ ಅಲ್ಲ. ಕುಡಿತದ ಚಟ ಇರೋನಿಗೆ ಒಂದು ತಿಂಗಳು ಕಾಯೋ ತಾಳ್ಮೆ ಎಲ್ಲಿರತ್ತೆ? ಬೋಗುಣಿ ಹಿಡಿಯೋ ಸೆಕ್ಷನ್ನು ಆ ಡಬ್ಬಾ ಅಂಗಡಿಯನ್ನು ಹಿಡಿಯಲಿಲ್ಲ ಅನ್ನೋದೇ ನನ್ನ ದೂರು.

ಬೇರೆ ದೇಶಗಳು ಇದನ್ನು ಹೇಗೆ ಬಿಡಿಸಿಕೊಂಡವು ನೋಡಿ. ಬ್ರಿಟನ್ 1963ರಲ್ಲಿ ಮನೆ ಬಳಕೆಯ ಬಿಯರಿಗೆ ಲೈಸೆನ್ಸ್ ಬೇಡ ಅಂದಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ವರ್ಷಕ್ಕೆ ಒಬ್ಬ ವಯಸ್ಕನಿಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರೋ ಮನೆಗೆ 200 ಗ್ಯಾಲನ್ ತೆರಿಗೆ ಇಲ್ಲದೆ ಮಾಡ್ಕೊಳ್ಳಿ, ಮಾರಬೇಡಿ ಅಂದಿತು. ಭಟ್ಟಿ ಇಳಿಸೋದನ್ನು ಮಾತ್ರ ಮುಟ್ಟಲಿಲ್ಲ, ಗಮನಿಸಿ. ಆಮೇಲೂ ಕೆಲವು ರಾಜ್ಯಗಳು ಒಪ್ಪಲಿಲ್ಲ, ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಜಪಾನಿನವರು ಶೇ. 1ಕ್ಕಿಂತ ಕಡಿಮೆ ಆಲ್ಕೋಹಾಲ್ ಆದ್ರೆ ಮಾತ್ರ ಮನೇಲಿ ಮಾಡಿ ಅನ್ನೋ ಗೆರೆ ಎಳೆದುಕೊಂಡಿದ್ದಾರೆ. ಅಂದ್ರೆ ಗೆರೆ ಎಲ್ಲಿ ಎಳೀಬೇಕು ಅನ್ನೋದು ಆಯಾ ಸಮಾಜಕ್ಕೆ ಬಿಟ್ಟಿದ್ದು. ನಮ್ಮಲ್ಲಿ ಮದ್ಯದ ವಿಷಯ ರಾಜ್ಯಗಳ ಪಟ್ಟಿಯಲ್ಲಿದೆ, ಜೊತೆಗೆ ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ಪ್ರಯತ್ನಿಸಿ ಅಂತ ಸರ್ಕಾರಕ್ಕೆ ಹೇಳತ್ತೆ. ಒಪ್ಪೋಣ. ಆದ್ರೆ ಅದೇ ಸರ್ಕಾರ ಮದ್ಯದ ಸುಂಕದಲ್ಲಿ ಬಜೆಟ್ ತೂಗಿಸೋವಾಗ 47ನೇ ವಿಧಿ ನೆನಪಾಗದೆ, ಬೋಗುಣಿ ಕಂಡಾಗ ಮಾತ್ರ ನೆನಪಾದ್ರೆ ಹೇಗೆ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕಾನೂನು ಪಾತ್ರೆಯನ್ನು ನೋಡಬಾರದು, ಪಾತ್ರೆಯಿಂದ ಏನು ಮಾಡಿದ್ರು ಅನ್ನೋದನ್ನು ನೋಡಬೇಕು. ಭಟ್ಟಿ ಇಳಿಸೋ ಸಲಕರಣೆ ಅಪರಾಧವಾಗೇ ಇರಲಿ. ಮನೇಲಿ ಮಾಡಿದ್ದನ್ನು ಒಂದು ಲೋಟ ಮಾರಿದ್ರೂ ಅಪರಾಧವಾಗಲಿ. ಆದ್ರೆ ಹುಳಿಸಿ ಮಾಡಿದ್ದು, ಮನೆಯ ವಯಸ್ಕರಿಗೆ, ಒಂದು ಸಲಕ್ಕೆ 20 ಲೀಟರಿನೊಳಗೆ, ಇಷ್ಟನ್ನು ಸೆಕ್ಷನ್ 13ರಿಂದ ಹೊರಗಿಡಲಿ. ವೈನಾಗಲಿ, ಬಿಯರಾಗಲಿ, ಕೊಡಗಾಗಲಿ, ಕಲಬುರಗಿಯಾಗಲಿ, ಒಂದೇ ನಿಯಮ. ಆಗ ಕ್ರಿಸ್‌ಮಸ್ ವೈನ್ ಮಾಡೋ ಅಜ್ಜಿಯೂ ಕಣ್ಣುತಪ್ಪಿಸಿ ಬದುಕಬೇಕಾಗಿಲ್ಲ.

ಇನ್ನೊಂದು ಷರತ್ತು, ಇದು ನಮ್ಮವ್ವನಿಂದ ಬಂದಿದ್ದು. ಸರದಿ ಪ್ರಕಾರ ಆಗಲಿ. ಊರಲ್ಲಿ ಮದ್ಯದಂಗಡಿ ಬೇಕಾ ಬೇಡವಾ ಅನ್ನೋದರಲ್ಲಿ ಗ್ರಾಮಸಭೆಯ ಹೆಣ್ಣುಮಕ್ಕಳ ಮಾತು ಮೊದಲು ನಡೀಲಿ. ಡಬ್ಬಾ ಅಂಗಡಿಯ ಕಳ್ಳ ಮಾರಾಟ ಮೊದಲು ನಿಲ್ಲಲಿ. ಆಮೇಲೆ ನಮ್ಮ ಬಕೆಟ್ಟಿನ ಸರದಿ. 200 ಕಿಲೋಮೀಟರ್ ನಡೆದವರ ಅರ್ಜಿ ಕಾಯ್ತಾ ಕೂತಿರೋವಾಗ ನನ್ನಂಥ ಎಸಿ ರೂಮಿನವನ ಅರ್ಜಿ ಮುಂದೆ ಹೋಗೋದು ಸರಿಯಲ್ಲ. ಹಾಗಂತ ನನ್ನ ಅರ್ಜಿಯೇ ತಪ್ಪು ಅಂತ ಒಪ್ಪೋಕೂ ನಾನು ತಯಾರಿಲ್ಲ. ಹೆಂಡ ಮಾರುತ್ತಿದ್ದ ಮಾರಯ್ಯನನ್ನೂ ಶರಣರ ಸಾಲಿನಲ್ಲಿ ಕೂರಿಸಿಕೊಂಡ ನಾಡು ನಮ್ಮ ಕಲ್ಯಾಣ. ಕಸುಬನ್ನು ನೋಡದೆ ಮನುಷ್ಯನನ್ನು ನೋಡಿದವರು ಅವರು. ಬೋಗುಣಿ ನೋಡಿ ಅಪರಾಧಿ ಅನ್ನೋದು ಆ ಮಣ್ಣಿನ ಗುಣವಲ್ಲ.

ಅಲ್ಲಿವರೆಗೆ ಏನು ಮಾಡೋದು ಅಂತ ಕೇಳೋ ಉತ್ಸಾಹಿಗಳಿಗೆ ನನ್ನ ಸಲಹೆ: ಒಂದು ಹೊಸ ಗಡಗಿ ತನ್ನಿ. ಜೋಳದ ನುಚ್ಚು ಬೇಯಿಸಿ, ಆರಿದ ಮೇಲೆ ಮಜ್ಜಿಗೆ ಕೂಡಿಸಿ ಮುಚ್ಚಿಡಿ. ಹುಳಿ ಬಂದ ಮೇಲೆ ಉಪ್ಪು, ಜಜ್ಜಿದ ಬಳ್ಳೊಳ್ಳಿ ಹಾಕಿ ಕುಡೀರಿ. ಲೈಸೆನ್ಸ್ ಬೇಡ, ಏರ್‌ಲಾಕ್ ಬೇಡ, ಫ್ರಿಜ್ಜೂ ಬೇಡ. ಹುಳಿ ಬರಿಸೋ ಕೆಲಸದಲ್ಲಿ ಕಲಿಯೋದು ಏನೇನಿದೆಯೋ, ಶುಚಿ, ಬಿಸಿ-ತಂಪಿನ ಅಂದಾಜು, ಕಾಯೋ ತಾಳ್ಮೆ, ಎಲ್ಲ ಅದರಲ್ಲೇ ಬರತ್ತೆ. ಕುಡಿದಾದ ಮೇಲೆ ಗಡಗಿ ಮಾತ್ರ ನೀವೇ ತೊಳೀರಿ.

ಇದರ ಬಗ್ಗೆ ನಿಮ್ಮ ಕಡೆ ಏನು ನಡೆಯತ್ತೆ? ಮಲೆನಾಡು, ಕರಾವಳಿ, ಕೊಡಗಿನವರು ಖಂಡಿತ ಬರೀರಿ. ಜಗಳ ಮಾಡೋರಿಗೂ ಸ್ವಾಗತ :)